ಹಬೆಯಿಲ್ಲದೆ ಹಿರೇಕೆರೂರಿಗೆ

ಹಾನಗಲ್ಲು
೮ ಜನವರಿ ೧೯೩೮

ಸವಣೂರಿನ ಮೋಟಾರು ಮಿಸ್ತ್ರಿ ಖಾದರಸಾಬನಿಗೆ ಹಾನಗಲ್ಲಿನ ಮಹಾದೇವಕ್ಕ ಬರೆಯುವುದು.

ನಾವು ಕ್ಷೇಮ. ನೀನು ರಿಪೇರಿ ಮಾಡಿ ಕಳಿಸಿದ ಮೋಟಾರು ಕ್ಷೇಮವಿಲ್ಲ.

ದಸರೆಯ ಮುಂದೆ ನಮ್ಮ ಗೋಣೆಪ್ಪನ ಬಾಯಲ್ಲಿ ಏನು ಹೇಳಿ ಕಳಿಸಿದ್ದೆ? "ಅವ್ವಾರಿಗೆ ಹೇಳು, ಇನ್ನ ಹತ್ತ ವರ್ಷ ಇದು ಚಕಾರ ಎತ್ತಂಗಿಲ್ಲ" ಎಂದಿದ್ದೆ. ನಿನ್ನೆ ಶಿಗ್ಗಾಂವಿಯ ಪೇಟೆಯ ನಡುವೆ, ಕಾಳಿನ ಅಂಗಡಿಯವರೆಲ್ಲ ತಕ್ಕಡಿ ಬಿಟ್ಟು ನೋಡುವ ಹಾಗೆ, ಅದು ಮೂಗಿನಿಂದ ಹಬೆ ಬಿಟ್ಟುಕೊಂಡು ನಿಂತಿತು. ಬಾಣಂತಿಯ ನೀರಿನ ಹಂಡೆ ಕೂಡ ಹಾಗೆ ಕುದಿಯುವುದಿಲ್ಲ. ಒಬ್ಬ ದಲಾಲಿ ಬಂದು, "ಅವ್ವಾರ, ಚಾಪುಡಿ ತರ್ಲ್ಯೇನ್ರಿ?" ಎಂದು ಕೇಳಿದ. ನಾನು ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಟಪಾಲಿನವರು ಓದುತ್ತಾರೆ.

ಈ ಮೋಟಾರನ್ನು ಹನ್ನೆರಡು ವರ್ಷ ಸವಣೂರಿನ ವಾಡೆಯಲ್ಲಿ ಓಡಿಸಿದವನು ನೀನು. ವಾಡೆಯ ಸರದಾರರು ಮಾರಲು ತೆಗೆದಾಗ, "ಇದು ಸಾಕ್ಷಾತ್ ತೊಟ್ಟಿಲು ಐತಿ" ಎಂದು ನಮ್ಮ ಮನೆಯವರ ಕಿವಿ ತುಂಬಿದವನೂ ನೀನೇ. ಅವರು ತಂದರು, ನಾಲ್ಕು ತಿಂಗಳು ಮೆರೆದರು, ಶಿವನ ಪಾದ ಸೇರಿದರು. ಆಮೇಲೆ ಎರಡು ವರ್ಷ ಅದು ಕಣಿಕೆಯ ಬಣವೆಯ ಪಕ್ಕದಲ್ಲಿ ಕೋಳಿಗಿಂತ ಕಡೆಯಾಗಿ ಬಿದ್ದಿತ್ತು. ಮಖಮಲ್ಲಿನ ಕುರ್ಚಿ, ಕಿಟಕಿಗೆ ಜರಿಯ ಪರದೆ, ಗುಲಾಬಿ ಇಡಲು ಗಾಜಿನ ಹೂದಾನಿ, ಹಿಂದೆ ಕೂತವರು ಮುಂದಿನವನಿಗೆ ಮಾತಾಡಲು ಒಂದು ಕೊಳವೆ. ಕೊಳವೆ ಮಾತ್ರ ನನಗೆ ಬೇಕಾದದ್ದೇ. ಗೋಣೆಪ್ಪ ಇಪ್ಪತ್ತು ವರ್ಷ ನಮ್ಮ ಎತ್ತು ಹೊಡೆದವನು, ದಸರೆಯಿಂದ ಮೋಟಾರು ಹೊಡೆಯುತ್ತಾನೆ. ಬೈಯದಿದ್ದರೆ ಅವನ ಕೈ ಏಳುವುದಿಲ್ಲ.

ಈಗ ಕೆಲಸದ ಮಾತು. ತಾಯಿಯಿಲ್ಲದ ನನ್ನ ಮೊಮ್ಮಗಳು ಸರೋಜವ್ವನನ್ನು ಹಿರೇಕೆರೂರಿಗೆ ಕೊಟ್ಟದ್ದು ನಿನಗೆ ಗೊತ್ತು. ಅವಳು ಬಸುರಿ, ಈಗ ಆರನೆಯ ತಿಂಗಳು. ಮುಂದಿನ ತಿಂಗಳು, ಏಳರಲ್ಲಿ, ಬಾಣಂತನಕ್ಕೆ ಕರೆತರಬೇಕು. ಹೋದ ಸಲ ಎತ್ತಿನ ಚಕ್ಕಡಿಯಲ್ಲಿ ಕರೆತಂದೆವು. ಆ ಮಾತು ಬೇಡ. ಊರವರೆಲ್ಲ ಹತ್ತುವ ಸರ್ವಿಸ್ ಮೋಟಾರಿನಲ್ಲಿ ಕೂರಿಸಿದರೆ ಚಕ್ಕಡಿಯೇ ಮೇಲು ಎನ್ನುವಷ್ಟು ಎತ್ತಿ ಒಗೆಯುತ್ತದೆ. ಆದ್ದರಿಂದ ನಿನ್ನ ತೊಟ್ಟಿಲೇ ಹೋಗಬೇಕು, ಕುದಿಯದೆ ಹೋಗಬೇಕು, ಕುದಿಯದೆ ಬರಬೇಕು.

ಏನಾಗಿದೆ ಎಂದು ಬರೆ. ಬರೆಯದಿದ್ದರೆ ನಾನೇ ಬರುತ್ತೇನೆ. ಅದು ನಿನಗೆ ಒಳ್ಳೆಯದಲ್ಲ.

ಮಹಾದೇವಕ್ಕ


ಸವಣೂರು
೧೩ ಜನವರಿ ೧೯೩೮

ದೊಡ್ಡವ್ವನವರಿಗೆ ಖಾದರಸಾಬನ ಸಲಾಮುಗಳು.

ತಾವು ಬರುವುದು ಬೇಡ, ನಾನೇ ಓಡಿ ಬರಬೇಕಾಗಿತ್ತು. ಆದರೆ ಕಾಲಿಗೆ ಬಿದಿರಿನ ಕಟ್ಟು ಕಟ್ಟಿಸಿಕೊಂಡು ಮಲಗಿದ್ದೇನೆ. ಹದಿನೆಂಟು ವರ್ಷ ಮೋಟಾರಿನ ಕೆಳಗೆ ಮಲಗಿ ಎದ್ದವನನ್ನು ಹೋದ ವಾರ ಟಾಂಗಾದ ಕುದುರೆ ಒದ್ದಿತು. ನಗುವವರೆಲ್ಲ ಬಂದು ನಕ್ಕು ಹೋಗಿದ್ದಾರೆ. ತಾವೂ ನಕ್ಕುಬಿಡಿರಿ, ಆಮೇಲೆ ಮುಂದೆ ಓದಿರಿ.

ಕುದಿಯುವ ಮೋಟಾರೂ ಜ್ವರ ಬಂದ ಕೂಸೂ ಒಂದೇ. ಬಾಯಿ ಬಿಟ್ಟು ಹೇಳುವುದಿಲ್ಲ, ನಾವೇ ಮುಟ್ಟಿ ನೋಡಬೇಕು. ಮೋಟಾರಿನ ಮುಂದೆ ಜಾಳಿಗೆಯ ಹಾಗೆ ಕಾಣುವುದು ನೀರಿನ ಪೆಟ್ಟಿಗೆ. ಇಂಜಿನ್ನಿನ ಬಿಸಿ ನೀರು ಅದರ ಮೇಲಿನಿಂದ ಸಣ್ಣ ಕೊಳವೆಗಳೊಳಗೆ ಇಳಿಯುತ್ತ, ಗಾಳಿಗೆ ತಣ್ಣಗಾಗಿ, ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಅದರ ಹಿಂದೆ ಪಂಖಾ ಇದೆ. ಪಂಖಾದ ಪಟ್ಟಾ ಸಡಿಲಾಗಿದೆಯೇ ಎಂದು ಮೊದಲು ಒತ್ತಿ ನೋಡಿಸಿರಿ. ಜಾಳಿಗೆಯ ಮುಂದೆ ಗಾಳಿಗೆ ಅಡ್ಡವಾಗಿ ಏನಾದರೂ ಇದೆಯೇ ನೋಡಿಸಿರಿ. ಇವೆರಡೂ ಸರಿ ಇದ್ದರೆ, ನೆಲದ ಮೇಲೆ ನೀರು ತೊಟ್ಟಿಕ್ಕುತ್ತದೆಯೇ ನೋಡಬೇಕು. ಪೆಟ್ಟಿಗೆಯಲ್ಲಿ ಒಂದು ಸೂಜಿಮೊನೆಯಷ್ಟು ತೂತು ಇತ್ತು, ದಸರೆಯಲ್ಲಿ ಒಂದು ಕೋಳಿ ತತ್ತಿ ಹಾಕಿ ಮುಚ್ಚಿದ್ದೆ. ಬಿಸಿ ನೀರಿಗೆ ತತ್ತಿಯ ಬಿಳಿ ಬಿದ್ದರೆ ಹೆಪ್ಪಾಗಿ ತೂತಿನಲ್ಲಿ ಕೂಡುತ್ತದೆ. ಅದೇನಾದರೂ ಬಿಟ್ಟಿದ್ದರೆ ಇನ್ನೊಂದು ತತ್ತಿ ಹಾಕಿದರಾಯಿತು, ಚಿಂತೆ ಬೇಡ.

ಸರೋಜವ್ವನವರು ಸುಖವಾಗಿ ಬರಲಿ ಎಂದು ನನ್ನ ದುವಾ.

ತಮ್ಮ ಸೇವಕ
ಖಾದರಸಾಬ


ಹಾನಗಲ್ಲು
೧೬ ಜನವರಿ ೧೯೩೮

ಖಾದರಸಾಬ,

ನಿನ್ನ ಪತ್ರವನ್ನು ಗೋಣೆಪ್ಪನನ್ನು ಮುಂದೆ ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಿದೆ. ಜಾಳಿಗೆಯ ಮಾತು ಬಂದಾಗ ಅವನು ನೆಲ ನೋಡಿದ. ತತ್ತಿಯ ಮಾತು ಬಂದಾಗ ಹಿತ್ತಲಿಗೆ ಹೋಗಿಬಿಟ್ಟ.

ಮೊದಲು ಜಾಳಿಗೆ. ಈ ಮಹಾಶಯ ದಿನಾ ಮುಂಜಾನೆ ತನ್ನ ಕಂಬಳಿಯನ್ನು ಮೋಟಾರಿನ ಮೂಗಿಗೆ ಕಟ್ಟಿ ಓಡಿಸುತ್ತಿದ್ದನಂತೆ. ಕೇಳಿದರೆ, "ಚಳಿಗಾಲದಾಗ ಎತ್ತಿಗೆ ಹೊಚ್ಚಂಗಿಲ್ಲೇನ್ರಿ ಅವ್ವಾರ? ಇದಕ್ಕೂ ಥಂಡಿ ಹತ್ತತೈತಿ" ಎಂದ.

"ಎತ್ತಿನ ಬೆನ್ನಿಗೆ ಹೊಚ್ಚತಾರ. ಮೂಗಿಗೆ ಕಟ್ಟತಾರೇನಲೇ ಹೆಡ್ಡ?"

"ಇದರ ಮೂಗು ಯಾವುದು, ಬೆನ್ನು ಯಾವುದು, ನನಗ ಯಾರೂ ಹೇಳಿಲ್ರಿ."

ಕಂಬಳಿ ಬಿಚ್ಚಿಸಿದೆ. ಬಂಕಾಪುರದ ತನಕ ಹೋಗಿ ಬಂದ, ಕುದಿಯಲಿಲ್ಲ. ಅಲ್ಲಿಗೆ ನಿನ್ನ ವಿದ್ಯೆ ಒಪ್ಪಿದೆ.

ಇನ್ನು ತತ್ತಿ. ಯಾರ ಮನೆಯ ಮೋಟಾರು ಎಂಬ ಎಚ್ಚರ ಇತ್ತೇ ನಿನಗೆ? ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಏಳು ತಲೆಯಿಂದ ನಮ್ಮ ಹೊಸ್ತಿಲೊಳಗೆ ತತ್ತಿಯ ಸಿಪ್ಪೆ ಬಂದಿಲ್ಲ. ದೀಪಾವಳಿಗೆ ಮಠದ ಸ್ವಾಮಿಗಳು ಇದೇ ಮೋಟಾರಿನಲ್ಲಿ ಕೂತು ಪಾದಪೂಜೆಗೆ ಬಂದರು. "ಬಾಳ ಚಲೋ ಐತಿ, ತಣ್ಣಗೈತಿ" ಎಂದು ಹರಸಿದರು. ಅವರನ್ನು ನಾನು ತತ್ತಿಯ ಮೇಲೆ ಕೂಡಿಸಿ ತಂದಂತಾಯಿತು! ಪ್ರತಿ ಸೋಮವಾರ ಅದರ ಹಣೆಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದೇನೆ. ಹೊಟ್ಟೆಯೊಳಗೆ ತತ್ತಿ, ಹಣೆಯ ಮೇಲೆ ವಿಭೂತಿ!

ನಿನ್ನೆಯೇ ಎಲ್ಲ ನೀರು ಚೆಲ್ಲಿಸಿದೆ. ಬಾವಿಯಿಂದ ಇಪ್ಪತ್ತೊಂದು ಕೊಡ ಸೇದಿಸಿ, ತಂತಿಯ ಕುಂಚದಿಂದ ತಿಕ್ಕಿಸಿ, ಸುರಿಸಿ, ಲೋಬಾನ ಹಾಕಿಸಿದೆ. ಗೋಣೆಪ್ಪನ ಕೈ ಸುಲಿದಿದೆ. ಅವನಿಗೆ ಅದು ಆಗಬೇಕಾದದ್ದೇ, ಗೊತ್ತಿದ್ದೂ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದ.

ಇನ್ನು ಮೇಲೆ ನಿನಗೆ ಪತ್ರ ಬರೆಯುವ ಕಾರಣ ನನಗಿಲ್ಲ.

ಮಹಾದೇವಕ್ಕ

ಕುದುರೆ ಒದ್ದದ್ದಕ್ಕೆ ನಗಲಿಲ್ಲ. ಈಗ ನಗುತ್ತಿದ್ದೇನೆ.


ಸವಣೂರು
೨೪ ಜನವರಿ ೧೯೩೮

ದೊಡ್ಡವ್ವನವರಿಗೆ ಖಾದರಸಾಬನ ತಗ್ಗಿದ ತಲೆಯ ಸಲಾಮು.

ನನ್ನದು ತಪ್ಪಾಯಿತು. ಕೇಳಿ ಹಾಕಬೇಕಾಗಿತ್ತು. ಇಂಜಿನ್ನಿಗೆ ಜಾತಿಯಿಲ್ಲ ಎಂದುಕೊಂಡಿದ್ದೆ. ಇಂಜಿನ್ನು ಇರುವ ಮನೆಗೆ ಇದೆ ಎನ್ನುವುದು ಮರೆತೆ. ವಾಡೆಯಲ್ಲಿದ್ದಾಗಂತೂ ಅದಕ್ಕೆ ಹನ್ನೆರಡು ವರ್ಷಗಳಲ್ಲಿ ಎಷ್ಟು ತತ್ತಿ ಬಿದ್ದಿವೆಯೋ ನನಗೇ ನೆನಪಿಲ್ಲ. ಈ ಸಾಲು ಬರೆಯಬಾರದಿತ್ತು, ಬರೆದುಬಿಟ್ಟೆ. ಕಾಗದ ಒಂದೇ ಉಳಿದಿದೆ, ಹರಿಯಲಾರೆ.

ತೊಳೆಸಿದ್ದು ಒಳ್ಳೆಯದೇ. ಆದರೆ ಅವ್ವನವರೇ, ತತ್ತಿ ಹೋದರೆ ತೂತು ಉಳಿಯುತ್ತದೆ. ಇವತ್ತಲ್ಲ ನಾಳೆ ನೀರು ಇಳಿಯಲು ಶುರುವಾಗುತ್ತದೆ. ಆ ಜಾಗಕ್ಕೆ ಬೆಸುಗೆ ಹಾಕಲು ಪೆಟ್ಟಿಗೆಯನ್ನೇ ಕಳಚಬೇಕು, ಅದನ್ನು ನಾನು ಎದ್ದ ಮೇಲೆ ಮಾಡಿಕೊಡುತ್ತೇನೆ. ಅಲ್ಲಿಯ ತನಕ ದಯವಿಟ್ಟು ಅದರೊಳಗೆ ಶುದ್ಧ ನೀರು ಬಿಟ್ಟು ಬೇರೇನೂ ಹಾಕಿಸಬೇಡಿರಿ. ಯಾರು ಏನೇ ಹೇಳಲಿ, ಹಾಕಿಸಬೇಡಿರಿ.

ಖಾದರಸಾಬ


ಹಾನಗಲ್ಲು
೨೦ ಫೆಬ್ರವರಿ ೧೯೩೮

ಖಾದರಸಾಬನಿಗೆ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ. ಇದಕ್ಕೆ ನೀನು ಉಬ್ಬಬೇಡ.

ನೀನು ಹೇಳಿದಂತೆ ನೀರು ಇಳಿಯಿತು. ಅದನ್ನು ನಾವು ನಿಲ್ಲಿಸಿದೆವು. ಹೇಗೆ ಎಂದು ಕೇಳಬೇಡ, ಅದು ನಮ್ಮ ಮನೆಯ ಮಾತು. ಒಂದು ತೊಟ್ಟೂ ಕೆಳಗೆ ಬೀಳುವುದಿಲ್ಲ. ಆದರೆ ಈಗ ಕುದಿಯುವುದು ಮೊದಲಿಗಿಂತ ಹೆಚ್ಚಾಗಿದೆ. ಮೊದಲು ಹತ್ತು ಹನ್ನೆರಡು ಮೈಲಿಗೆ ಕುದಿಯುತ್ತಿತ್ತು. ಈಗ ಊರ ಅಗಸೆ ಬಾಗಿಲು ದಾಟುವುದರೊಳಗೆ ಜೋಳದ ನುಚ್ಚಿನಂತೆ ಕೊತಕೊತ ಎನ್ನುತ್ತದೆ.

ಹೋದ ಮಂಗಳವಾರ ಸರೋಜಿಯನ್ನು ತರಲು ಹೊರಟೆ. ಅಕ್ಕಿಆಲೂರು ಮುಟ್ಟುವುದರೊಳಗೆ ಐದು ಸಲ ನಿಂತೆವು. ಐದನೆಯ ಸಲ ಮುಚ್ಚಳ ತಾನೇ ಹಾರಿ ಗದ್ದೆಯಲ್ಲಿ ಬಿತ್ತು. ಅಲ್ಲಿಯ ಅಕ್ಕಿಗಿರಣಿಯವರ ಎತ್ತು ಕಟ್ಟಿಸಿಕೊಂಡು ಹಾನಗಲ್ಲಿಗೆ ತಿರುಗಿ ಬಂದೆ. ಅವತ್ತು ಸಂತೆ. ಇಡೀ ತಾಲೂಕು ಬದಿಗೆ ನಿಂತು ನೋಡಿತು. ಎತ್ತುಗಳ ಹಗ್ಗ ಹಿಡಿದ ಗೋಣೆಪ್ಪನಿಗೆ ಮಾತ್ರ ದಸರೆಯಿಂದೀಚೆಗೆ ಅಂಥ ಸಂತೋಷ ಆಗಿರಲಿಲ್ಲ.

ಸುದ್ದಿ ನನಗಿಂತ ಮುಂಚೆ ಹಿರೇಕೆರೂರು ಮುಟ್ಟಿದೆ. ಬೀಗತಿ ತಿಪ್ಪವ್ವ ಆಳಿನ ಕೈಯಲ್ಲಿ ಹೇಳಿ ಕಳಿಸಿದಳು: "ಕುದಿಯೋ ಗಾಡ್ಯಾಗ ನನ್ನ ಸೊಸಿನ್ನ ಕಳಸಂಗಿಲ್ಲ. ಎಂಟರಾಗ ಹೆಂಗೂ ಕಳಸೂ ಪದ್ಧತಿ ಇಲ್ಲ. ಒಂಬತ್ತು ಹತ್ತಿದ ಮ್ಯಾಲ, ಯುಗಾದಿ ಆದ ಮೂರನೇ ದಿನ ಬರ್ರಿ. ಹಬಿ ಇಲ್ಲದ ನನ್ನ ಬಾಗಿಲಿಗೆ ಬಂದು ನಿಂತ್ರ ಕರಕೊಂಡು ಹೋಗ್ರಿ. ಇಲ್ಲಾಂದ್ರ ಬಾಣಂತನ ಇಲ್ಲೇ."

ತಿಪ್ಪವ್ವ ಕೆಟ್ಟವಳಲ್ಲ. ನಾಲಿಗೆ ಉದ್ದ, ಅಷ್ಟೇ, ಅದು ಯಾರಿಗಿಲ್ಲ? ಆದರೆ ಸರೋಜಿ ನನಗೆ ಬೇರೆಯದೇ ಬರೆದಿದ್ದಾಳೆ. ಎರಡೇ ಸಾಲು: "ಆಯಿ, ನೀನ ಬೇಕು. ಚಕ್ಕಡಿ ಮಾತ್ರ ತರಬ್ಯಾಡ." ಹೋದ ಸಲ ಹಿರೇಕೆರೂರಿನಿಂದ ಚಕ್ಕಡಿ ಹಾನಗಲ್ಲಿನ ಬಾಗಿಲಿಗೆ ಬಂದಾಗ ನಾನೇ ಅವಳನ್ನು ಇಳಿಸಿಕೊಂಡೆ. ನೆತ್ತರಲ್ಲಿ ತೊಯ್ದ ಕೌದಿಯನ್ನು ನಾನೇ ಒಯ್ದು ಹಳ್ಳದಲ್ಲಿ ಬಿಟ್ಟು ಬಂದೆ.

ಮೋಟಾರಿಗೆ ಏನಾಗಿದೆ, ಹೇಳು.

ಮಹಾದೇವಕ್ಕ


ಸವಣೂರು
೨೫ ಫೆಬ್ರವರಿ ೧೯೩೮

ದೊಡ್ಡವ್ವನವರಿಗೆ ಸಲಾಮುಗಳು.

ಉಬ್ಬಲಿಲ್ಲ. ಪತ್ರವನ್ನು ಎರಡು ಸಲ ಓದಿದೆ, ಕಡೆಯ ಭಾಗವನ್ನು ಮೂರು ಸಲ.

ಬೆಳಿಗ್ಗೆ ತಣ್ಣಗಿರುವಾಗ ಇಂಜಿನ್ನು ಶುರುಮಾಡಿಸಿ, ನಿಂತಲ್ಲೇ ಓಡಲು ಬಿಡಿರಿ. ನೀವು ಒಮ್ಮೆ ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಸಾಕು. ಆಮೇಲೆ ನೀವೇ, ಗೋಣೆಪ್ಪನಲ್ಲ, ನೀರಿನ ಪೆಟ್ಟಿಗೆಯ ತಲೆಯ ಮೇಲೊಂದು ಕೈ, ಬುಡಕ್ಕೊಂದು ಕೈ ಇಟ್ಟು ನೋಡಿರಿ. ಪಂಖಾದಿಂದ ಸೆರಗು ದೂರ ಇರಲಿ. ಎರಡೂ ಕಡೆ ಬಿಸಿಯಾದರೆ ಒಂದು ರೋಗ, ತಲೆ ಸುಟ್ಟು ಬುಡ ತಣ್ಣಗಿದ್ದರೆ ಇನ್ನೊಂದು.

ಬೇಸರವಾಗಬಾರದು, ಒಂದು ಕೇಳುತ್ತೇನೆ. ಒಳಗೆ ಏನಾದರೂ ಹಾಕಿದ್ದೀರಾ?

ಖಾದರಸಾಬ


ಹಾನಗಲ್ಲು
೧ ಮಾರ್ಚ್ ೧೯೩೮

ಖಾದರಸಾಬನಿಗೆ,

ತಲೆ ಸುಡುತ್ತದೆ. ಬುಡ ಸತ್ತವರ ಪಾದದ ಹಾಗೆ ತಣ್ಣಗಿದೆ.

ಗೋಣೆಪ್ಪನ ಸೋಮಾರಿತನ, ಬಾವಿಯ ನೀರಿನ ಗಡಸುತನ, ಅಕ್ಕಿಆಲೂರಿನ ದಾರಿಯ ಧೂಳು, ಇವುಗಳಲ್ಲಿ ಯಾವುದೋ ಒಂದು ಕಾರಣ ಇರಬೇಕು. ವಾಡೆಯವರು ಮೊದಲೇ ಕೆಟ್ಟದ್ದನ್ನು ದಾಟಿಸಿರಲೂಬಹುದು.

ಒಳಗೆ ಏನು ಹಾಕುತ್ತೇವೆ? ನೀರು ಹಾಕುತ್ತೇವೆ.

ಮಹಾದೇವಕ್ಕ


ಸವಣೂರು
೫ ಮಾರ್ಚ್ ೧೯೩೮

ದೊಡ್ಡವ್ವನವರಿಗೆ,

ಹಾಗಾದರೆ ನೀರು ಮೇಲಿನಿಂದ ಕೆಳಗೆ ಇಳಿಯುತ್ತಿಲ್ಲ. ಸಣ್ಣ ಕೊಳವೆಗಳಲ್ಲಿ ಏನೋ ಕಟ್ಟಿಕೊಂಡಿದೆ. ಪೆಟ್ಟಿಗೆಯ ಬುಡದಲ್ಲಿ ಹಿತ್ತಾಳೆಯ ಸಣ್ಣ ನಲ್ಲಿ ಇದೆ. ಅದನ್ನು ಬಿಚ್ಚಿಸಿ, ಕೊಡೆಯ ಕಡ್ಡಿಯಿಂದ ಒಳಗೆ ಕೆದಕಿಸಿ, ಬಂದದ್ದನ್ನು ಬಿಳಿಯ ಬಟ್ಟಲಲ್ಲಿ ಹಿಡಿಯಿರಿ. ಅದರ ಬಣ್ಣ ನನಗೆ ಬೇಕು. ಕೆಂಪಾಗಿದ್ದರೆ ತುಕ್ಕು. ಕಪ್ಪಾಗಿದ್ದರೆ ಎಣ್ಣೆ ಸೇರಿದೆ. ಬಿಳಿಯ ಹರಳಾಗಿದ್ದರೆ ಬಾವಿಯ ಸುಣ್ಣ. ಒಂದೊಂದಕ್ಕೆ ಒಂದೊಂದು ಮದ್ದು. ಯುಗಾದಿಗೆ ಇಪ್ಪತ್ತೇಳು ದಿನ ಇದೆ. ಬಣ್ಣವನ್ನು ಮಾತ್ರ ಇದ್ದದ್ದು ಇದ್ದಂತೆ ಬರೆಯಬೇಕು.

ಖಾದರಸಾಬ


ಹಾನಗಲ್ಲು
೯ ಮಾರ್ಚ್ ೧೯೩೮

ಖಾದರಸಾಬನಿಗೆ,

ಹಳದಿ.

ಕಡ್ಡಿ ತಿರುವಿದ ಹಾಗೆ ಉಂಡೆ ಉಂಡೆಯಾಗಿ ಇಳಿಯಿತು. ಗೋಣೆಪ್ಪ ಬಟ್ಟಲನ್ನು ಮೂಸಿ ನೋಡಿ, "ಅವ್ವಾರ, ಝುಣಕ ಆಗೇತ್ರಿ. ರೊಟ್ಟಿ ತರ್ಲ್ಯಾ?" ಎಂದ. ಹೊಡೆಯಲು ಕೈಗೆ ಏನೂ ಸಿಗಲಿಲ್ಲ.

ಈಗ ಕೇಳು. ತತ್ತಿ ತೆಗೆಸಿದ ಮೇಲೆ ನೀರು ಸೋರಲು ಹತ್ತಿತು. ನಾನು ಕೂತು ಯೋಚಿಸಿದೆ. ತತ್ತಿ ಮಾಡುವ ಕೆಲಸ ಏನು? ಬಿಸಿಗೆ ಗಟ್ಟಿಯಾಗುವುದು. ಬಿಸಿಗೆ ಗಟ್ಟಿಯಾಗುವುದು ಅದೊಂದೇ ಏನು? ಐವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಇದನ್ನು ಒಬ್ಬ ಮಿಸ್ತ್ರಿ ಕಲಿಸಬೇಕೇ? ಎರಡು ಸೇರು ಕಡಲೆಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು, ಚೂರು ಅರಿಷಿಣ ಸೇರಿಸಿ, ಗಂಟಿಲ್ಲದೆ ಕಲಸಿ ನಾನೇ ಕೈಯಾರೆ ಹೊಯ್ದೆ. ಉಪ್ಪು ಹಾಕಲಿಲ್ಲ, ಕಬ್ಬಿಣ ತುಕ್ಕು ಹಿಡಿಯುತ್ತದೆ ಎನ್ನುವಷ್ಟು ಬುದ್ಧಿ ಇದೆ. ಸೋರುವುದು ನಿಂತಿತು. ಎರಡು ದಿನ ಎಷ್ಟು ಹೆಮ್ಮೆಯಿಂದ ತಿರುಗಿದೆ ಎಂದರೆ, ಮಠಕ್ಕೂ ಹೇಳಿ ಕಳಿಸಿದ್ದೆ.

ಏನೂ ಹಾಕಿಲ್ಲ ಎಂದು ನಿನಗೆ ಸುಳ್ಳು ಬರೆದೆ. ನೀನು ಬೇಡವೆಂದ ಮೇಲೆ ಹಾಕಿದ್ದು ಒಂದು ತಪ್ಪು, ಮುಚ್ಚಿಟ್ಟದ್ದು ಇನ್ನೊಂದು. ತತ್ತಿಯನ್ನು ಅಲ್ಲೇ ಬಿಟ್ಟಿದ್ದರೆ ಸರೋಜಿ ಏಳರಲ್ಲೇ ನನ್ನ ಮನೆಯಲ್ಲಿರುತ್ತಿದ್ದಳು. ಇದನ್ನು ನೀನು ಬರೆಯುವುದಿಲ್ಲ ಎಂದು ಗೊತ್ತು, ಅದಕ್ಕೆ ನಾನೇ ಬರೆದೆ.

ಮದ್ದು ಹೇಳು. ಬೈಯುವುದಿದ್ದರೆ ಬೈದು ಹೇಳು.

ಮಹಾದೇವಕ್ಕ


ಸವಣೂರು
೧೨ ಮಾರ್ಚ್ ೧೯೩೮

ದೊಡ್ಡವ್ವನವರಿಗೆ ಸಲಾಮುಗಳು.

ಬೈಯಲಿಲ್ಲ. ನಕ್ಕೆ. ನಕ್ಕು ಕಾಲಿನ ಕಟ್ಟು ಸಡಿಲಾಗಿ, ಮತ್ತೆ ಕಟ್ಟಿಸಿಕೊಂಡೆ. ಆದ್ದರಿಂದ ಇನ್ನೂ ಮೂರು ವಾರ ನಾನು ಏಳುವಂತಿಲ್ಲ.

ನಿಮ್ಮ ಯೋಚನೆ ತಪ್ಪಲ್ಲ, ಅಳತೆ ತಪ್ಪು. ನನ್ನ ಉಸ್ತಾದರು ದಾರಿಯಲ್ಲಿ ಸಿಕ್ಕಿಬಿದ್ದಾಗ ಒಂದು ಚಿಟಿಕೆ ಹಿಟ್ಟು ಹಾಕಿದ್ದನ್ನು ನಾನೇ ನೋಡಿದ್ದೇನೆ. ನೀವು ಊರಿಗೆಲ್ಲ ಊಟಕ್ಕೆ ಆಗುವಷ್ಟು ಹಾಕಿದ್ದೀರಿ.

ಬಟ್ಟೆ ಒಗೆಯುವ ಸೋಡಾ ಒಂದು ಸೇರನ್ನು ಬಿಸಿ ನೀರಲ್ಲಿ ಕರಗಿಸಿ ತುಂಬಿಸಿರಿ. ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಒಂದು ರಾತ್ರಿ ನೆನೆಯಲು ಬಿಡಿರಿ. ಮರುದಿನ ಮೇಲಿನ ಕೆಳಗಿನ ರಬ್ಬರಿನ ಕೊಳವೆಗಳನ್ನು ಬಿಚ್ಚಿಸಿ, ನೀರನ್ನು ಮೇಲಿನಿಂದಲ್ಲ, ಬುಡದಿಂದ ತಲೆಯ ಕಡೆಗೆ ಒತ್ತಿ ಬಿಡಿಸಿರಿ. ಹೋದ ದಾರಿಯಲ್ಲೇ ಹಿಟ್ಟು ವಾಪಸು ಬರಬೇಕು. ಅಟ್ಟದ ಮೇಲೊಂದು ಹಂಡೆ ಇಟ್ಟು ಕೊಳವೆ ಇಳಿಸಿದರೆ ಒತ್ತಡ ಸಿಗುತ್ತದೆ. ಬರುವ ನೀರು ತಿಳಿಯಾಗುವ ತನಕ ಹೀಗೆ ಮಾಡಿಸಿರಿ. ಐದು ದಿನವಾಗಲಿ, ಏಳು ದಿನವಾಗಲಿ.

ಹಿಟ್ಟು ಹೋದ ಮೇಲೆ ಹಳೆಯ ತೂತು ಬಾಯಿ ತೆರೆಯುತ್ತದೆ. ಬಟ್ಟೆ ಸಾಬೂನನ್ನು ಮೆದ್ದು ಹೊರಗಿನಿಂದ ಅಮುಕಿಸಿರಿ. ತಂಪು ಹೊತ್ತಿನಲ್ಲಿ ಹೋದರೆ ಹದಿನೈದು ಇಪ್ಪತ್ತು ಮೈಲಿ ತಡೆಯುತ್ತದೆ. ನಾಲ್ಕು ಕೊಡ ನೀರು ಜೊತೆಗಿರಲಿ. ಬಿಸಿಲೇರಿದ ಮೇಲೆ ಪ್ರಯಾಣ ಬೇಡ.

ಇದೂ ಸಾಲದೆ ಹೋದರೆ ಇನ್ನೊಂದು ಉಪಾಯ ಇದೆ. ಅದನ್ನು ನಾನು ಬರೆಯುವುದಿಲ್ಲ. ಒಮ್ಮೆ ಬರೆದು ಬೈಸಿಕೊಂಡಿದ್ದೇನೆ.

ಖಾದರಸಾಬ


ಹಾನಗಲ್ಲು
೫ ಏಪ್ರಿಲ್ ೧೯೩೮

ಖಾದರಸಾಬನಿಗೆ,

ಒಂಬತ್ತು ದಿನ ತೊಳೆದೆವು. ಹಿತ್ತಲಿನ ಕಾಗೆಗಳು ಕೊಬ್ಬಿವೆ.

ಮೊನ್ನೆ, ಯುಗಾದಿಯ ಮೂರನೆಯ ದಿನ, ಬೆಳ್ಳಿ ಮೂಡುವ ಹೊತ್ತಿಗೆ ಹೊರಟೆವು. ನಾನು ಕೊಳವೆಯಲ್ಲಿ ಬಾಯಿ ಇಟ್ಟುಕೊಂಡೇ ಕೂತಿದ್ದೆ. ಹಿರೇಕೆರೂರಿನಲ್ಲಿ ತಿಪ್ಪವ್ವ ಕಟ್ಟೆಯ ಮೇಲೆ ನಿಂತಿದ್ದಳು. ನನಗೆ ಕಾಲಿಗೆ ನೀರು ಕೊಡುವ ಮುಂಚೆ ಮೋಟಾರಿನ ಹತ್ತಿರ ಹೋಗಿ ಅದರ ಹಣೆ ಮುಟ್ಟಿದಳು.

"ಜ್ವರಾ ಇಳದಂಗೈತಲ್ಲ, ಬೀಗತಿ?"

"ಇಳದೈತಿ. ನಿಮ್ಮ ಕೈನ ಬಿಸಿ ಅದಾವು."

"ಏನ ಔಷಧಾ ಹಾಕಿದ್ರಿ?"

"ಊಟ ಆದ ಮ್ಯಾಲ ಹೇಳತೇನಿ" ಎಂದೆ.

ಬಿಸಿಲಿನಲ್ಲಿ ಹೊರಡಬೇಡ ಎಂದು ನೀನು ಬರೆದದ್ದು ನನಗೆ ನೆನಪಿತ್ತು. ಆದರೆ ಅವರ ಮನೆಯ ಅಯ್ಯನವರು ಬಸುರಿ ಹೊಸ್ತಿಲು ದಾಟಲು ನಡು ಮಧ್ಯಾಹ್ನದ ಮುಹೂರ್ತ ಇಟ್ಟಿದ್ದರು. ಮುಹೂರ್ತಕ್ಕೆ ಜಗಳವಾಡಿದರೆ ಮೊಮ್ಮಗಳು ಸಿಗುವುದಿಲ್ಲ. ಸುಮ್ಮನೆ ಹೊರಟೆವು.

ಹಂಸಭಾವಿ ದಾಟಿದ ಮೇಲೆ ಸಾಬೂನು ಕರಗಿ ಹೋಯಿತು. ಒಂದು ಕೊಡ, ಎರಡು ಕೊಡ, ನಾಲ್ಕೂ ಮುಗಿದವು. ಹಾಕಿದ್ದು ಹಾಕಿದಂತೆ ನೆಲಕ್ಕೆ ಇಳಿಯುತ್ತಿತ್ತು. ಬಯಲು, ಬಿಸಿಲು, ಒಂದು ಜಾಲಿಯ ಗಿಡ. ಸರೋಜಿ ಹೊಟ್ಟೆ ಹಿಡಿದುಕೊಂಡು, "ಆಯಿ, ಒಂದೀಟು ಬಿಗದಂಗ ಆಗಾಕತ್ತೈತಿ" ಎಂದಳು. ಅವಳು ನಗುತ್ತಲೇ ಅಂದಳು. ಅವಳು ನಕ್ಕದ್ದು ನನಗೆ ಸೇರಲಿಲ್ಲ.

ಆಗ ಹುಚ್ಚಪ್ಪ ಎಂಬ ಪುಣ್ಯಾತ್ಮ ಖಾಲಿ ಚಕ್ಕಡಿ ಹೊಡೆದುಕೊಂಡು ಬಂದ. "ಬರ್ರಿ ಅವ್ವಾರ, ಅಕ್ಕಿಆಲೂರಿಗೆ ಬಿಡತೇನಿ. ಹುಲ್ಲ ಹಾಸತೇನಿ, ಮೆತ್ತಗೈತಿ" ಎಂದ. ಒಳ್ಳೆಯ ಮನುಷ್ಯ. ನಾನು ಸರೋಜಿಯ ಮುಖ ನೋಡಿದೆ. ಅವಳು ಬೇಡವೆನ್ನಲಿಲ್ಲ. ಗಾಜಿನ ಹೂದಾನಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೇ.

ನಾನು ಇಳಿದು, ಸೆರಗು ಬಿಗಿದು, ಕೊಡ ಎತ್ತಿಕೊಂಡು ಹೊಲದ ಆಚೆಯ ಒಂದು ಗುಡಿಸಲಿಗೆ ನಡೆದೆ. ಅಂಗಳದಲ್ಲಿ ಕೋಳಿ ಕೆದರುತ್ತಿದ್ದವು, ಅದನ್ನು ದೂರದಿಂದಲೇ ನೋಡಿದ್ದೆ. ಮನೆಯವಳ ಹೆಸರು ಹೊಳೆವ್ವ. ನನ್ನ ಹಣೆಯ ವಿಭೂತಿ ನೋಡಿ ಎದ್ದು ನಿಂತಳು.

"ಎರಡ ಕೊಡ ನೀರು ಬೇಕವ್ವ. ಮತ್ತ..." ಎಂದು ನಿಂತೆ. ಕೊಡವನ್ನು ನೆಲಕ್ಕೆ ಇಳಿಸಿದೆ. "ಮತ್ತ ಎರಡ ತತ್ತಿ."

"ತತ್ತಿ ನಿಮಗೇನ್ರೀ?"

"ನನಗಲ್ಲ. ಮೋಟಾರಕ್ಕ."

"ಯವ್ವಾ! ಮೋಟಾರು ತತ್ತಿ ತಿಂತೈತೇನ್ರಿ?"

"ಇದು ಸವಣೂರಾಗ ಬೆಳದದ್ದವ್ವ. ಸಣ್ಣಂದಿನಿಂದ ರೂಢಿ."

ತತ್ತಿಗಳನ್ನು ನನ್ನ ಸೆರಗಿನಲ್ಲೇ ಕಟ್ಟಿಕೊಂಡು ತಂದೆ. ಇನ್ನೂ ಬೆಚ್ಚಗಿದ್ದವು. ಅಷ್ಟು ಹಗುರ ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಗೋಣೆಪ್ಪ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ನಾ ಮುಟ್ಟಂಗಿಲ್ರಿ ಅವ್ವಾರ. ಹೋದ ಸಲದ ಸಿಟ್ಟ ಇನ್ನೂ ಕೈಯಾಗೈತಿ" ಎಂದು ಅಂಗೈಯ ಕಲೆ ತೋರಿಸಿದ. "ಆ ಸಾಬ ಹೆಂಗ ಹಾಕಿದ, ಅಷ್ಟರ ಹೇಳಲೇ" ಎಂದೆ. "ಇಂಜಿನ್ನು ಓಡತಿರಬೇಕ್ರಿ, ನೀರು ಕಾದಿರಬೇಕ್ರಿ. ಬಿಳೇದಷ್ಟ ಹಾಕೂದು, ಹಳದಿ ಬ್ಯಾಡ್ರಿ" ಎಂದ. ಹಳದಿ ನನಗೂ ಸಾಕಾಗಿತ್ತು. ತಂದ ನೀರು ಹೊಯ್ಸಿ, ಇಂಜಿನ್ನು ಶುರುಮಾಡಿಸಿ ಕಾಯಿಸಿದೆ.

ತತ್ತಿ ಒಡೆಯುವುದು ಹೇಗೆ ಎಂದು ನನಗೆ ಯಾರು ಕಲಿಸಿದ್ದಾರೆ? ತೆಂಗಿನಕಾಯಿಯಂತೆ ಕಲ್ಲಿಗೆ ಬಡಿದೆ. ಮೊದಲನೆಯದು ನನ್ನ ಪಾದಕ್ಕೆ ಅಭಿಷೇಕವಾಯಿತು. ಮೋಟಾರಿನೊಳಗಿಂದ ಸರೋಜಿ ನಕ್ಕದ್ದು ಕೇಳಿಸಿತು. ಈ ಸಲದ ನಗು ನಿಜವಾದದ್ದು. ಕೊನೆಗೆ ಹುಚ್ಚಪ್ಪನೇ ಚಕ್ಕಡಿಯಿಂದ ಇಳಿದು, "ಹಂಗಲ್ರಿ, ಹಿಂಗ್ರಿ" ಎಂದು ತೋರಿಸಿದ. ಎರಡನೆಯದರ ಬಿಳಿಯನ್ನು ನೆಟ್ಟಗೆ ಪೆಟ್ಟಿಗೆಯ ಬಾಯಿಯೊಳಗೆ ಇಳಿಸಿದೆ. ನಾನೇ, ಈ ಕೈಯಿಂದಲೇ.

ತೊಟ್ಟಿಕ್ಕುವುದು ನಿಧಾನವಾಯಿತು. ಆಮೇಲೆ ನಿಂತಿತು. ಅಕ್ಕಿಆಲೂರು ದಾಟಿ ಹಾನಗಲ್ಲಿನ ತನಕ ಒಂದು ಸಲವೂ ಕುದಿಯಲಿಲ್ಲ. ಸರೋಜಿ ನನ್ನ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಮೂವತ್ತು ಮೈಲಿಯಲ್ಲಿ ಮೊದಲ ಸಲ ನಾನು ಕೊಳವೆಯಲ್ಲಿ ಗೋಣೆಪ್ಪನನ್ನು ಬೈಯಲಿಲ್ಲ. ಅವನು ಗಾಬರಿಯಾಗಿ ಎರಡು ಸಲ ಗಾಡಿ ನಿಲ್ಲಿಸಿ, "ಅವ್ವಾರ, ಆರಾಮ ಅದೀರಿಲ್ರಿ?" ಎಂದು ಕೇಳಿದ.

ಈಗ ಅವಳು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ನೆಕ್ಕುತ್ತಿದ್ದಾಳೆ. ಈ ಪತ್ರವನ್ನು ಓದಿದ ಮೇಲೆ ಸುಡು.

ಮಹಾದೇವಕ್ಕ


ಹಾನಗಲ್ಲು
೨೯ ಮೇ ೧೯೩೮

ಖಾದರಸಾಬನಿಗೆ,

ಗಂಡು ಕೂಸು. ಇದೇ ತಿಂಗಳ ಒಂಬತ್ತಕ್ಕೆ. ತಾಯಿ, ಮಗ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ದನಿ ಮೋಟಾರಿನ ಹಾರ್ನಿನಂತಿದೆ, ಒತ್ತಲು ರಬ್ಬರಿನ ಗುಂಡೂ ಬೇಡ. ನಿನ್ನೆ ತೊಟ್ಟಿಲಿಗೆ ಹಾಕಿದೆವು.

ನಿನ್ನ ಕಾಲು ನೆಲಕ್ಕೆ ಊರಿದೆ ಎಂದು ಶಿಗ್ಗಾಂವಿಯ ದಲಾಲಿ ಹೇಳಿದ. ಸೋಮವಾರ ಗೋಣೆಪ್ಪ ಅದೇ ಮೋಟಾರನ್ನು ನಿನ್ನ ಬಾಗಿಲಿಗೆ ತರುತ್ತಾನೆ. ಬೆಸುಗೆಯ ಸಾಮಾನು ತೆಗೆದುಕೊಂಡು ಹಿಂದಿನ ಮಖಮಲ್ಲಿನ ಮೇಲೆ ಕೂತು ಬಾ. ಹನ್ನೆರಡು ವರ್ಷ ಮುಂದೆ ಕೂತಿದ್ದೀಯ, ಒಮ್ಮೆ ಹಿಂದೆ ಕೂತು ಆ ಕೊಳವೆಯಲ್ಲಿ ಮಾತಾಡು. ಕೂಸನ್ನು ನೋಡು, ಹೋಳಿಗೆ ಉಣ್ಣು, ಆಮೇಲೆ ಪೆಟ್ಟಿಗೆ ಬಿಚ್ಚು. ನೀನು ಬೆಸುಗೆ ಹಾಕುವ ತನಕ ಒಳಗಿರುವುದು ಒಳಗೇ ಇರಲಿ, ನಾನು ಯಾರಿಗೂ ಕೆದಕಲು ಬಿಟ್ಟಿಲ್ಲ. ಸೋಮವಾರದ ವಿಭೂತಿಯನ್ನೂ ಬಿಟ್ಟಿಲ್ಲ. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಶಿವನಿಗೆ ನಾನು ಹೇಳಿದ್ದೇನೆ. ಸ್ವಾಮಿಗಳಿಗೆ ಹೇಳಿಲ್ಲ.

ಇನ್ನೊಂದು ಮಾತು. ತೊಟ್ಟಿಲಿಗೆ ಬೀಗತಿ ತಿಪ್ಪವ್ವ ಬಂದಿದ್ದಳು. ಅವಳ ತಮ್ಮನೂ ಹುಬ್ಬಳ್ಳಿಯಿಂದ ಒಂದು ಹಳೆಯ ವಿಲಾಯತಿ ಮೋಟಾರು ತಂದಿದ್ದಾನಂತೆ, ನಮ್ಮದಕ್ಕಿಂತ ಒಂದು ಮೊಳ ಉದ್ದವಂತೆ. ಈ ಉದ್ದದ ಮಾತನ್ನು ನಾಲ್ಕು ಸಲ ಹೇಳಿದಳು. ಅದೂ ನೀರು ಸೋರುತ್ತದಂತೆ. ಕೂಸಿಗೆ ಕುಲಾವಿ ಕಟ್ಟುತ್ತ ಮೆಲ್ಲಗೆ ಕೇಳಿದಳು:

"ಅವತ್ತ ನೀವು ಹೇಳಲೇ ಇಲ್ಲ, ಬೀಗತಿ. ಖರೇನ ಏನ ಹಾಕಿದ್ರಿ?"

ಹಾಕಿದ್ದರಲ್ಲಿ ಒಂದನ್ನು ಹೇಳಿದೆ. ಎಷ್ಟು ಸೇರು ಎಂದೂ ಹೇಳಿದೆ.

ಸರೋಜಿ ಇನ್ನೂ ಐದು ತಿಂಗಳು ಇಲ್ಲೇ ಇರುತ್ತಾಳೆ, ಆ ಗಾಡಿಯಲ್ಲಿ ಅವಳು ಕೂರುವ ಭಯವಿಲ್ಲ. ಹಿರೇಕೆರೂರಿನಿಂದ ನಿನಗೊಂದು ಪತ್ರ ಬರಬಹುದು. ಬಂದರೆ ಪಂಖಾ, ಪಟ್ಟಾ ಎಂದು ಹೊತ್ತು ಕಳೆಯಬೇಡ. ಮೊದಲು ಬಣ್ಣ ಕೇಳು.

ಮಹಾದೇವಕ್ಕ